ದನ ಮೇದರೆ ಗೋಮಾಳ ಹಾಳಾಗುತ್ತದೆಯೇ?

ಪ್ರಶ್ನೆ: ನಮ್ಮೂರ ಗೋಮಾಳದಲ್ಲಿ ಹಿಂದೆ ಮೊಣಕಾಲೆತ್ತರ ಹುಲ್ಲಿತ್ತಂತೆ. ಈಗ ಬರೀ ಕಲ್ಲು, ಬಳ್ಳಾರಿ ಜಾಲಿ. ದನ-ಕುರಿ ಮೇಯಿಸಿದ್ದರಿಂದಲೇ ಹೀಗಾಯಿತು ಎನ್ನುತ್ತಾರೆ. ಮೇಯಿಸುತ್ತಲೇ ನೆಲವನ್ನೂ ಉಳಿಸಿ, ನಾಲ್ಕು ಕಾಸನ್ನೂ ಕಾಣಲು ಸಾಧ್ಯವೇ?
– ಓದುಗರೊಬ್ಬರು, ಚಳ್ಳಕೆರೆ ತಾಲ್ಲೂಕು

ಉತ್ತರ: ಸಾಧ್ಯ. ಎಷ್ಟು ದನ ಮೇಯುತ್ತವೆ ಎಂದು ಎಲ್ಲರೂ ಲೆಕ್ಕ ಹಾಕುತ್ತಾರೆ. ಒಮ್ಮೆ ಮೇದ ಜಾಗಕ್ಕೆ ಅವು ಮತ್ತೆ ಯಾವಾಗ ಬರುತ್ತವೆ ಎಂದು ಕೇಳುವವರು ಕಡಿಮೆ. ನನಗೆ ಈ ಎರಡನೆಯ ಪ್ರಶ್ನೆಯೇ ದೊಡ್ಡದಾಗಿ ಕಾಣುತ್ತದೆ.

ಹುಲ್ಲಿನ ಕುಡಿ ಇರುವುದು ಬುಡದಲ್ಲಿ, ನೆಲಕ್ಕಂಟಿ. ಹಾಗಾಗಿ ಗರಿ ಹೋದರೂ ಅದು ಸಾಯದೆ, ಬುಡದಲ್ಲೂ ಬೇರಿನಲ್ಲೂ ಕೂಡಿಟ್ಟ ಸತ್ವದಿಂದ ಚಿಗುರುತ್ತದೆ. ಹೊಸ ಗರಿಗಳು ಆ ಸತ್ವವನ್ನು ಮರಳಿ ತುಂಬುವ ಮೊದಲೇ ಇನ್ನೊಮ್ಮೆ ಬಾಯಿ ಬಿದ್ದರೆ ಬೇರು ಸೊರಗುತ್ತದೆ. ದನ ರುಚಿಯಾದ ಹುಲ್ಲನ್ನೇ ಹುಡುಕಿ ತಿನ್ನುವುದರಿಂದ ಮೊದಲು ಅಳಿಯುವುದೂ ಅದೇ. ತೆರವಾದ ಜಾಗಕ್ಕೆ ಜಾಲಿ ಬರುತ್ತದೆ. ಅದರ ಸಿಹಿ ಕಾಯಿ ತಿಂದ ಕುರಿ-ದನಗಳೇ ಹಿಕ್ಕೆ, ಸಗಣಿಯ ಜೊತೆ ಬೀಜ ಹರಡುತ್ತವೆ.

ಹುಲ್ಲಿಗೆ ಬಿಡುವು ಕೊಡುವುದು ನಿಮ್ಮ ಸೀಮೆಗೆ ಹೊಸತಲ್ಲ. ಮೈಸೂರಿನ ಚಿಕ್ಕದೇವರಾಜ ಒಡೆಯರ ಕಾಲದ, ಅರಮನೆಯ ದನಗಳನ್ನು ನೋಡಿಕೊಳ್ಳುತ್ತಿದ್ದ ಬೆಣ್ಣೆ ಚಾವಡಿಗೆ ಟಿಪ್ಪು ಅಮೃತ ಮಹಲ್ ಎಂದು ಹೆಸರಿಟ್ಟ. ಅದರ ಕಾವಲುಗಳನ್ನು, ಅಂದರೆ ಮೀಸಲು ಹುಲ್ಲುಗಾವಲುಗಳನ್ನು, ಮಳೆಗಾಲದವು, ಚಳಿಗಾಲದವು, ಬೇಸಿಗೆಯವು ಎಂದು ವಿಂಗಡಿಸಿದ್ದರು. ಕೆರೆ, ನೆರಳು ಇದ್ದ ಕಾವಲುಗಳು ಬೇಸಿಗೆಗೆ ಮೀಸಲು. ಮಂದೆ ಒಂದರಲ್ಲಿದ್ದಾಗ ಉಳಿದವು ಚಿಗುರುತ್ತಿದ್ದವು. ಕುರಿಗಾರರ ವಲಸೆಯಲ್ಲೂ ಇದೇ ವಿವೇಕವಿದೆ. ಈಗ ಅನೇಕ ಕಾವಲುಗಳು ಒತ್ತುವರಿಯಾಗಿವೆ. ಚಳ್ಳಕೆರೆಯಲ್ಲಂತೂ ಸಾವಿರಾರು ಎಕರೆ ರಕ್ಷಣೆ, ಅಣುವಿಜ್ಞಾನದ ಸಂಸ್ಥೆಗಳ ಪಾಲಾಗಿದೆ. ಹೋಗಲು ಬೇರೆ ಜಾಗವಿಲ್ಲದ ಮಂದೆ ಉಳಿದ ಗೋಮಾಳದಲ್ಲೇ ವರ್ಷವಿಡೀ ನಿಲ್ಲುತ್ತದೆ. ಕುರಿಗಾರರನ್ನು ದೂರುವ ಮುನ್ನ ದಯವಿಟ್ಟು ಇದನ್ನು ನೆನೆಯಿರಿ.

ಇನ್ನು ಆದಾಯದ ಮಾತು. ವರ್ಷಕ್ಕೆ ಆರುನೂರು ಮಿಲಿಮೀಟರ್ ಮಳೆಯೂ ಗಟ್ಟಿಯಿಲ್ಲದ ನೆಲದ ಹುಲ್ಲನ್ನಷ್ಟೇ ನಂಬಿ ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್) ಹಸು ಕಟ್ಟಬೇಡಿ. ಅಲ್ಲಿಗೆ ಒಗ್ಗುವುದು ಕುರಿ, ನಾಟಿ ದನ. ಬಿಡುವು ಕೊಟ್ಟು ಸರದಿಯಲ್ಲಿ ಮೇಯಿಸಿದರೆ ಅವಕ್ಕೆ ಎಳೆ ಹುಲ್ಲು ಸಿಗುತ್ತದೆ, ಅದು ಬಲಿತ ಹುಲ್ಲಿಗಿಂತ ಚೆನ್ನಾಗಿ ಅರಗುತ್ತದೆ. ಅಷ್ಟೇ ಮೇವಿಗೆ ಹಾಲು, ಮಾಂಸ ಹೆಚ್ಚು, ಲೀಟರ್ ಹಾಲಿನ ಲೆಕ್ಕದಲ್ಲಿ ಹೊಟ್ಟೆಯಿಂದ ಹೊರಬೀಳುವ ಮೀಥೇನ್ ಕಡಿಮೆ.

ಗೋಮಾಳ ಹಸಿರಾಗಲಿ, ಗಾಳಿಯ ಇಂಗಾಲ ಹೀರಲಿ ಎಂದು ನೀಲಗಿರಿ ನೆಡಲು ಯಾರಾದರೂ ಬಂದರೆ ಒಪ್ಪಬೇಡಿ. ಹುಲ್ಲುಗಾವಲು ತನ್ನ ಇಂಗಾಲದ ಹೆಚ್ಚಿನ ಪಾಲನ್ನು ಮಣ್ಣಿನೊಳಗೆ ಇಟ್ಟುಕೊಳ್ಳುತ್ತದೆ. ಅದು ಪಾಳುಭೂಮಿಯಲ್ಲ.

ಊರವರೂ ಕುರಿಗಾರರೂ ಒಟ್ಟಿಗೆ ಕುಳಿತು ಗೋಮಾಳವನ್ನು ಮೂರೋ ನಾಲ್ಕೋ ಭಾಗ ಮಾಡಿ. ಪ್ರತಿ ವರ್ಷ ಒಂದು ಭಾಗಕ್ಕೆ, ಮುಂಗಾರು ಶುರುವಾದಾಗಿನಿಂದ ಹುಲ್ಲು ಬೀಜ ಉದುರಿಸುವ ತನಕ, ಯಾವ ಮಂದೆಯನ್ನೂ ಬಿಡಬೇಡಿ. ಆ ಭಾಗದ ಜಾಲಿಯನ್ನು ಬುಡಸಮೇತ ಕಿತ್ತು, ಅಂಜನ ಹುಲ್ಲು, ಸ್ಟೈಲೋ ಬೀಜ ಚೆಲ್ಲಿ. ಸ್ಟೈಲೋ ದ್ವಿದಳ ಮೇವು. ಗಾಳಿಯ ಸಾರಜನಕವನ್ನು ಮಣ್ಣಿಗೆ ಸೇರಿಸುತ್ತದೆ. ಬೀಜ ಉದುರಿದ ಮೇಲೆ ಅಲ್ಲಿ ಹುಲ್ಲು ಕೊಯ್ದು ಹೊರಲು, ಜಾಗ ಬಿಟ್ಟುಕೊಟ್ಟ ಕುರಿಗಾರರಿಗೆ ಮೊದಲ ಹಕ್ಕು ಕೊಡಿ.