ನಲವತ್ತು ಜನರ ಮುಂದೆ ಇಲ್ಲದ ನಡುಕ

ಪ್ರಶ್ನೆ: ಮೇಡಂ, ನನ್ನದು ಪುತ್ತೂರಿನ ಹತ್ತಿರದ ಹಳ್ಳಿ. ದುಬೈಗೆ ಬಂದು ಆರು ವರ್ಷ. ಸತ್ವಾದ ಒಂದು ರೂಮಿನಲ್ಲಿ ಐದು ಜನ ಇದ್ದೇವೆ. ನಾನು ಕಟ್ಟಡ ಕಂಪೆನಿಯಲ್ಲಿ ಸೇಫ್ಟಿ ಆಫೀಸರ್. ಬೆಳಿಗ್ಗೆ ಸೈಟಿನಲ್ಲಿ ನಲವತ್ತು ಕೆಲಸಗಾರರಿಗೆ ಟೂಲ್‌ಬಾಕ್ಸ್ ಟಾಕ್, ಅಂದರೆ ಕೆಲಸಕ್ಕೆ ಮುಂಚಿನ ಸುರಕ್ಷತೆಯ ಮಾತು, ಕೊಡುತ್ತೇನೆ. ಅದೇನೂ ದೊಡ್ಡದಲ್ಲ, ಹಿಂದಿಯಲ್ಲಿ ಹೇಗೋ ಆಗುತ್ತದೆ. ಈಗ ಬೇಸಿಗೆಯ ಸುರಕ್ಷತಾ ಯೋಜನೆಯ ಬಗ್ಗೆ ಕ್ಲೈಂಟ್, ಕನ್ಸಲ್ಟೆಂಟ್ ಮುಂದೆ ಇಂಗ್ಲಿಷಿನಲ್ಲಿ ಪ್ರೆಸೆಂಟೇಶನ್ ಕೊಡಲು ಹೇಳಿದ್ದಾರೆ. ಕಳೆದ ವರ್ಷ ಇಂಥದ್ದೇ ಮೀಟಿಂಗಿನಲ್ಲಿ ಎರಡನೇ ಸ್ಲೈಡಿಗೇ ಬಾಯಿ ಒಣಗಿ, ಬಾಯಿಪಾಠ ಮಾಡಿದ್ದೆಲ್ಲ ಮರೆತುಹೋಗಿ, ಉಳಿದದ್ದನ್ನು ಪರದೆ ನೋಡಿ ಓದಿ ಮುಗಿಸಿದೆ. ಹತ್ತರವರೆಗೆ ಓದಿದ್ದು ಕನ್ನಡ ಮಾಧ್ಯಮ. ರಾತ್ರಿ ನಿದ್ದೆ ಬರುತ್ತಿಲ್ಲ. ಊರಿಂದ ಬರುವ ಗೆಳೆಯನ ಕೈಯಲ್ಲಿ ಏನಾದರೂ ಮಾತ್ರೆ ತರಿಸಲೇ?
— ಹೆಸರು ಬೇಡ, ಸತ್ವಾ

ಉತ್ತರ: ಮೊದಲು ಮಾತ್ರೆಯ ವಿಷಯ ಮುಗಿಸಿಬಿಡೋಣ. ತರಿಸಬೇಡಿ. ಆತಂಕಕ್ಕೆ ಕೊಡುವ ಆಲ್ಪ್ರಜೋಲಾಂನಂಥ ಮಾತ್ರೆಗಳು ಯುಎಇಯಲ್ಲಿ ನಿಯಂತ್ರಿತ ಔಷಧಿಗಳು. ಅನುಮತಿಯಿಲ್ಲದೆ ತಂದರೆ ವಿಮಾನ ನಿಲ್ದಾಣದಲ್ಲಿ ಉತ್ತರ ಹೇಳಬೇಕಾದವನು ನಿಮ್ಮ ಗೆಳೆಯ. ನಡುಕಕ್ಕೆಂದು ಕೆಲವರು ನುಂಗುವ ಪ್ರೊಪ್ರನೊಲಾಲ್ ಅಸ್ತಮಾ ಇರುವವರಿಗೆ ಅಪಾಯ. ನಿದ್ದೆಗೇಡು ಹೀಗೇ ಮುಂದುವರಿದರೆ ಅಲ್ಲಿನ ವೈದ್ಯರನ್ನೇ ಕಾಣಿ.

ಇನ್ನು ಪತ್ರಕ್ಕೆ ಬರುತ್ತೇನೆ. "ಅದೇನೂ ದೊಡ್ಡದಲ್ಲ" ಎಂದು ನೀವು ದಾಟಿಹೋದ ಕಡೆಯೇ ನಾನು ನಿಂತುಬಿಟ್ಟೆ. ಹೆಲ್ಮೆಟ್ ಹಾಕಿಕೊಂಡ ನಲವತ್ತು ಜನ, ಕೆಲವರಿಗೆ ಹಿಂದಿ ಅರ್ಧಂಬರ್ಧ, ಸುತ್ತ ಯಂತ್ರಗಳ ಸದ್ದು. ಇದು ಭಾಷಣವಲ್ಲದೆ ಇನ್ನೇನು? ಅಲ್ಲಿ ನಿಮಗೆ ನಿಮ್ಮ ಹಿಂದಿಯ ವ್ಯಾಕರಣದ ಚಿಂತೆಯಿಲ್ಲ, ಬೆಲ್ಟ್ ಕಟ್ಟಿಕೊಂಡರೋ ಇಲ್ಲವೋ ಎಂಬುದೇ ಚಿಂತೆ. ಎಸಿ ಕೋಣೆಗೆ ಬಂದೊಡನೆ ಆ ಗಮನವೆಲ್ಲ ನಿಮ್ಮ ಮೇಲೆಯೇ ತಿರುಗಿ ಬೀಳುತ್ತದೆ. ನಾಲಿಗೆ ಒಣಗುವುದು ಅಲ್ಲಿಂದ.

ಪುತ್ತೂರಿನವರಿಗೆ ತಾಳಮದ್ದಳೆಯನ್ನು ನಾನು ಪರಿಚಯಿಸಬೇಕಿಲ್ಲ. ಭಾಗವತರು ಪದ್ಯ ಹಾಡುತ್ತಾರೆ, ಅರ್ಥಧಾರಿ ಅದನ್ನು ಹಿಡಿದು ತನ್ನ ಮಾತಿನಲ್ಲಿ ಬೆಳೆಸುತ್ತಾರೆ. ವೇಷವಿಲ್ಲ, ಕುಣಿತವಿಲ್ಲ, ಬರೆದಿಟ್ಟ ಸಂಭಾಷಣೆಯೂ ಇಲ್ಲ. ಹೆಸರಾಂತ ಅರ್ಥಧಾರಿ ಶೇಣಿ ಗೋಪಾಲಕೃಷ್ಣ ಭಟ್ಟರು ಮಾತನ್ನು ಉರು ಹೊಡೆದು ಬಂದಿದ್ದರೆ ಎದುರಿನವರ ಒಂದೇ ಅಡ್ಡಪ್ರಶ್ನೆಗೆ ಪ್ರಸಂಗ ಮುಗಿದುಹೋಗುತ್ತಿತ್ತು. ಅವರಿಗೆ ಗೊತ್ತಿದ್ದದ್ದು ಪಾತ್ರ, ಪುರಾಣ, ಕಥೆಯ ನಡೆ. ನಿಮ್ಮ ಸ್ಲೈಡು ಪದ್ಯ, ನೀವು ಅರ್ಥಧಾರಿ. ಕಳೆದ ವರ್ಷ ನೀವು ಪದ್ಯವನ್ನೇ ಮತ್ತೊಮ್ಮೆ ಓದಿದಿರಿ, ಅಷ್ಟೇ.

ಹಾಗಾದರೆ ಪದ್ಯ ಚಿಕ್ಕದಿರಲಿ. "ಜೂನ್ 15ರಿಂದ ಸೆಪ್ಟೆಂಬರ್ 15, ಮಧ್ಯಾಹ್ನ 12.30ರಿಂದ 3, ಬಿಸಿಲಲ್ಲಿ ಕೆಲಸವಿಲ್ಲ": ಒಂದು ಸ್ಲೈಡಿಗೆ ಇಷ್ಟು ಸಾಕು. ಆ ಎರಡೂವರೆ ಗಂಟೆ ನಲವತ್ತು ಜನ ಎಲ್ಲಿ ಕೂರುತ್ತಾರೆ, ನೆರಳು ಎಷ್ಟು ಹೆಜ್ಜೆ ದೂರ, ನೀರಿನ ಕ್ಯಾನ್ ಖಾಲಿಯಾದರೆ ತುಂಬುವವರು ಯಾರು ಎಂಬುದನ್ನು ಬಾಯಲ್ಲಿ ಹೇಳಿ. ನಿಯಮ ತಪ್ಪಿದರೆ ಒಬ್ಬ ಕೆಲಸಗಾರನಿಗೆ 5,000 ದಿರ್ಹಂನಂತೆ 50,000ದವರೆಗೆ ದಂಡ ಎಂದಾಗ ಕ್ಲೈಂಟ್ ಫೋನಿನಿಂದ ತಲೆಯೆತ್ತುತ್ತಾರೆ. ಸೈಟಿನ ನೆರಳಿನ ಲೆಕ್ಕ ಆ ಕೋಣೆಯಲ್ಲಿ ನಿಮ್ಮಷ್ಟು ಗೊತ್ತಿರುವವರು ಇನ್ನೊಬ್ಬರಿಲ್ಲ. ಬಾಯಿಪಾಠ ಬೇಕೇ ಬೇಕೆನಿಸಿದರೆ ಮೊದಲ ಎರಡು ವಾಕ್ಯ ಮಾತ್ರ ಮಾಡಿ.

ಕನ್ನಡ ಮಾಧ್ಯಮದ ಸಂಕೋಚ ಬಿಡಿ. ದುಬೈಯ ಮೀಟಿಂಗುಗಳಲ್ಲಿ ಈಜಿಪ್ಟಿನವರ, ಫಿಲಿಪೀನ್ಸಿನವರ, ಮಲಯಾಳಿಗಳ ಇಂಗ್ಲಿಷು ಬೇರೆ ಬೇರೆ. ಅದು ತಾಯ್ನುಡಿಯಾಗಿರುವವರೇ ಅಲ್ಲಿ ಕಡಿಮೆ. ನಿಮ್ಮ ನಡುಕ ಕೂಡ ನಿಮಗೆ ಕೇಳಿಸುವಷ್ಟು ಅವರಿಗೆ ಕಾಣುವುದಿಲ್ಲ. ಕೆನೆತ್ ಸವಿಟ್ಸ್ಕಿ, ಥಾಮಸ್ ಗಿಲೊವಿಚ್ ಎಂಬ ಮನಶ್ಶಾಸ್ತ್ರಜ್ಞರು 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಈ ಒಂದು ಮಾತನ್ನು ಮೊದಲೇ ತಿಳಿಸಿದ್ದಕ್ಕೇ ಭಾಷಣಕಾರರು ಹೆಚ್ಚು ಚೆನ್ನಾಗಿ ಮಾತಾಡಿದ್ದರು.

ಅಭ್ಯಾಸಕ್ಕೆ ಜಾಗ? ಐದು ಜನರ ರೂಮಿನಲ್ಲಿ ಕಷ್ಟವೇ. ಸಂಜೆ ಸತ್ವಾದಿಂದ ಜುಮೇರಾದ ಕಡಲ ಕಡೆಗೆ ನಡೆಯಿರಿ, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಗಟ್ಟಿಯಾಗಿ ಮಾತಾಡಿ. ಅಲ್ಲಿ ದಾರಿಯುದ್ದಕ್ಕೂ ಜನ ಊರಿಗೆ ಫೋನ್ ಮಾಡುತ್ತಲೇ ಇರುತ್ತಾರೆ, ನಿಮ್ಮನ್ನು ಯಾರೂ ತಿರುಗಿ ನೋಡುವುದಿಲ್ಲ. ಆಮೇಲೆ ರೂಮಿನ ಗೆಳೆಯರಲ್ಲಿ ಒಬ್ಬರನ್ನು ಎದುರು ಕೂರಿಸಿ ಅಡ್ಡಪ್ರಶ್ನೆ ಹಾಕಿಸಿಕೊಳ್ಳಿ. ಬಾಡಿಗೆ ವಿಷಯದಲ್ಲಿ ಜಗಳ ತೆಗೆಯುವವರಿದ್ದರೆ ಅವರೇ ಆಗಬೇಕು.

ಮುಂದಕ್ಕೆ ಬೇಕಾದರೆ ಟೋಸ್ಟ್‌ಮಾಸ್ಟರ್ಸ್ ಇದೆ. ಕ್ಯಾಲಿಫೋರ್ನಿಯಾದಲ್ಲಿ 1924ರಲ್ಲಿ ಶುರುವಾದ ಸಂಸ್ಥೆ, ದುಬೈಯಲ್ಲಿ ಅದರ ಕ್ಲಬ್ಬುಗಳು ಹಲವು. ಅಲ್ಲಿ ಥಟ್ಟನೆ ಒಂದು ವಿಷಯ ಕೊಟ್ಟು ಒಂದೆರಡು ನಿಮಿಷ ಮಾತಾಡಿಸುತ್ತಾರೆ, ನೀವೆಷ್ಟು ಸಲ "ಆಂ" ಎಂದಿರಿ ಎಂದು ಎಣಿಸಲೂ ಒಬ್ಬರಿರುತ್ತಾರೆ. ಮಾತುಮಾತಿಗೆ ಚಪ್ಪಾಳೆ ನನಗೆ ಸ್ವಲ್ಪ ಅತಿಯೆನಿಸುತ್ತದೆ, ಆದರೆ ತಪ್ಪು ಮಾಡಲು ಅಷ್ಟು ಸಲೀಸಾದ ಜಾಗ ಬೇರೆ ಸಿಗುವುದು ಕಷ್ಟ.

ಮೀಟಿಂಗಿನ ದಿನ ಬೇಗ ಹೋಗಿ ಲ್ಯಾಪ್‌ಟಾಪ್, ಕೇಬಲ್ ನೋಡಿಕೊಳ್ಳಿ. ಮೇಜಿನ ಮೇಲೆ ನೀರಿನ ಬಾಟಲಿ ಇರಲಿ. ಬಾಯಿ ಒಣಗಿದರೆ ಮಾತು ನಿಲ್ಲಿಸಿ ಕುಡಿಯಿರಿ. ನೀವು ಹೇಳಹೊರಟಿರುವುದೂ ಅದನ್ನೇ ತಾನೆ?