ಕೆರೆಯ ಮೀನಿಗೂ ಒಂದು ಲೆಕ್ಕದ ಪುಸ್ತಕ



ಈ ಸಲ ರಾಗಿ ಎಷ್ಟು ಮೂಟೆ ಬಂತು, ರೇಷ್ಮೆಗೂಡು ಎಷ್ಟು ಕಿಲೋ ಇಳಿಯಿತು, ಡೈರಿಗೆ ದಿನಕ್ಕೆ ಎಷ್ಟು ಲೀಟರು ಹಾಲು ಹೋಗುತ್ತದೆ ಎಂದು ಕೇಳಿದರೆ ನಮ್ಮ ಹಳ್ಳಿಗಳಲ್ಲಿ ಶಾಲೆಯ ಹುಡುಗರೂ ಥಟ್ಟನೆ ಹೇಳುತ್ತಾರೆ. ಊರ ಕೆರೆಯಲ್ಲಿ ಹೋದ ವರ್ಷ ಎಷ್ಟು ಮೀನು ಸಿಕ್ಕಿತು ಎಂದು ಕೇಳಿ ನೋಡಿ. "ಏನೋ, ಚೆನ್ನಾಗೇ ಸಿಕ್ಕಿತು" ಎಂಬುದಕ್ಕಿಂತ ಹೆಚ್ಚಿನ ಉತ್ತರ ದೊರೆಯುವುದು ಕಷ್ಟ. ಊಟದ ಎಲೆಯಲ್ಲಿ ಮೀನು ಉಂಟು, ಸಂತೆಯಲ್ಲಿ ಉಂಟು, ಗುತ್ತಿಗೆಯ ಕಾಗದದಲ್ಲಿಯೂ ಉಂಟು. ಆದರೆ ಆಟಕ್ಕುಂಟು ಲೆಕ್ಕಕ್ಕಿಲ್ಲ ಎಂಬ ಗಾದೆಯಂತೆ ಪುಸ್ತಕದಲ್ಲಿ ಮಾತ್ರ ಇಲ್ಲ.

ಇದರಿಂದ ಆಗುವ ನಷ್ಟ ಸಣ್ಣದಲ್ಲ. ನಮ್ಮ ದೇಶದಲ್ಲಿ 2022–23ನೇ ಸಾಲಿನಲ್ಲಿ ದೊರೆತ ಮೀನು ಸುಮಾರು 175 ಲಕ್ಷ ಟನ್ನು. ಅದರಲ್ಲಿ ಮುಕ್ಕಾಲು ಪಾಲಿನಷ್ಟು ಸಮುದ್ರದ್ದಲ್ಲ, ಕೆರೆ, ಕೊಳ, ನದಿ, ಜಲಾಶಯಗಳದ್ದು. ಯಾವ ಕೆರೆಗೆ ಎಷ್ಟು ಮರಿ ಕೊಡಬೇಕು, ಗುತ್ತಿಗೆಯ ಮೊತ್ತ ಎಷ್ಟಿರಬೇಕು, ಯಾವ ಕಣ್ಣಿನ ಬಲೆಯನ್ನು ತಡೆಯಬೇಕು ಎಂಬ ನಿರ್ಧಾರಗಳೆಲ್ಲ ಕೆಳಗಿನಿಂದ ಹೋಗುವ ಅಂಕಿಗಳ ಮೇಲೆಯೇ ನಿಂತಿವೆ. ಕೆಳಗಿನವರು ಅಂದಾಜು ಬರೆದು ಕಳಿಸಿದರೆ ಮೇಲಿನಿಂದ ಬರುವ ನೀತಿಯೂ ಅಂದಾಜಿನದ್ದೇ ಆಗುತ್ತದೆ.

ಒಂದೇ ತೂಕ, ಎರಡು ಕಥೆ

ಒಂದು ಲೆಕ್ಕ ಮಾಡೋಣ. ಉದಾಹರಣೆಗೆಂದೇ ಇಟ್ಟುಕೊಳ್ಳಿ. ಎರಡು ಊರುಗಳಲ್ಲಿ ಒಂದೇ ವಿಸ್ತಾರದ ಎರಡು ಕೆರೆಗಳಿವೆ. ಎರಡಕ್ಕೂ ತಲಾ 20,000 ಮರಿ ಬಿಟ್ಟರು. ವರ್ಷದ ಕೊನೆಗೆ ಎರಡು ಊರಿನವರೂ "2,100 ಕಿಲೋ ಮೀನು" ಎಂದು ಬರೆದು ಕಳಿಸಿದರು. ಓದುವ ಅಧಿಕಾರಿಗೆ ಎರಡು ಕೆರೆಯೂ ಒಂದೇ. ಮುಂದಿನ ವರ್ಷ ಎರಡಕ್ಕೂ ಒಂದೇ ಅಪ್ಪಣೆ: ಇನ್ನೂ ಹೆಚ್ಚು ಮರಿ ಬಿಡಿ.

ಈಗ ತೂಕದ ಜೊತೆಗೆ ಮೀನನ್ನು ಎಣಿಸಿಯೂ ಇದ್ದರೆನ್ನಿ. ಮೊದಲ ಕೆರೆಯಲ್ಲಿ ಸಿಕ್ಕಿದ್ದು 6,000 ಮೀನು. ಒಂದೊಂದು 350 ಗ್ರಾಂ. ಎರಡನೆಯದರಲ್ಲಿ ಸಿಕ್ಕಿದ್ದು 1,400 ಮೀನು; ಒಂದೊಂದು ಒಂದೂವರೆ ಕಿಲೋ. ಮೊದಲ ಕೆರೆಯಲ್ಲಿ ಮರಿಗಳು ಚೆನ್ನಾಗಿ ಉಳಿದಿವೆ, ಆದರೆ ಹೊಟ್ಟೆಗೆ ಸಾಲದೆ ಬಡಕಲಾಗಿವೆ. ಅಲ್ಲಿ ಇನ್ನಷ್ಟು ಮರಿ ಬಿಡುವುದು ಒತ್ತಾಗಿ ಬೆಳೆದ ರಾಗಿ ಪೈರಿನ ನಡುವೆ ಮತ್ತೆ ಬೀಜ ಚೆಲ್ಲಿದಂತೆ. ಎರಡನೆಯದರಲ್ಲಿ ಆಹಾರ ಬೇಕಾದಷ್ಟಿದೆ, ಉಳಿದ ಮೀನು ಕೊಬ್ಬಿ ಬೆಳೆದಿವೆ. ಆದರೆ ನೂರಕ್ಕೆ ಏಳು ಮಾತ್ರ ಕೈಗೆ ಬಂದಿವೆ. ಮಿಕ್ಕವು ಕೊರಮೀನಿನ ಬಾಯಿಗೆ ಹೋದವೋ, ಕೋಡಿಯಲ್ಲಿ ಹರಿದುಹೋದವೋ, ಬಿಟ್ಟ ದಿನವೇ ಸತ್ತವೋ ಎಂದು ಹುಡುಕಬೇಕು. ಅಲ್ಲಿಗೆ ಬೇಕಾದ್ದು ಹೆಚ್ಚು ಮರಿಯಲ್ಲ, ಬೆರಳುದ್ದ ಬಲಿತ ಮರಿ ಮತ್ತು ಕೋಡಿಗೆ ಜಾಲರಿ. ತೂಕವೊಂದನ್ನೇ ಬರೆದಾಗ ಈ ವ್ಯತ್ಯಾಸ ಕಣ್ಣಿಗೆ ಬೀಳುವುದೇ ಇಲ್ಲ.

ಆದ್ದರಿಂದ ಮೊದಲ ಪಾಠ ಇಷ್ಟೇ: ತೂಕ ಬರೆಯಿರಿ, ಎಣಿಕೆಯನ್ನೂ ಬರೆಯಿರಿ, ಜಾತಿಯನ್ನೂ ಬರೆಯಿರಿ. ಕಾಟ್ಲಾ ನೀರಿನ ಮೇಲ್ಪದರದಲ್ಲಿ ಮೇಯುತ್ತದೆ, ರೋಹು ನಡುವಿನಲ್ಲಿ, ಮೃಗಾಲ್ ತಳದಲ್ಲಿ. ಮೃಗಾಲ್ ಒಂದೇ ಬಡವಾಗಿದ್ದರೆ ತಳದಲ್ಲಿ ಏನೋ ತೊಂದರೆ ಇದೆ ಎಂದು ತಿಳಿಯಬಹುದು. ಮೂರನ್ನೂ ಸೇರಿಸಿ "ಗೆಂಡೆ" ಎಂದು ಒಂದೇ ಸಾಲಿನಲ್ಲಿ ಬರೆದರೆ ಆ ಸುಳಿವು ಸಿಕ್ಕುವುದಿಲ್ಲ. ಜಿಲೇಬಿ ಮೀನನ್ನೂ, ಸಾಕುವುದು ನಿಷಿದ್ಧವಾಗಿರುವ ಆಫ್ರಿಕನ್ ಕ್ಯಾಟ್‌ಫಿಶ್ ಸಿಕ್ಕಿದರೆ ಅದನ್ನೂ ಬೇರೆಯಾಗಿಯೇ ಬರೆಯತಕ್ಕದ್ದು.

ಮರಿಯ ಎಣಿಕೆ ಕಷ್ಟವೆಂದು ಹೆದರಬೇಡಿ. ಮರಿ ತಂದ ದಿನ ಒಂದು ಸಣ್ಣ ಜಾಲರಿ ಲೋಟ ಇಟ್ಟುಕೊಳ್ಳಿ. ಮೂರು ಲೋಟದ ಮರಿಗಳನ್ನು ಮಾತ್ರ ಒಂದೊಂದಾಗಿ ಎಣಿಸಿ. 212, 188, 200 ಬಂದವೆನ್ನೋಣ, ಸರಾಸರಿ 200. ಒಟ್ಟು 50 ಲೋಟ ಬಿಟ್ಟರೆ 10,000 ಮರಿ. ಮೊದಲನೆಯ ಲೋಟವೊಂದನ್ನೇ ಎಣಿಸಿ ಮುಗಿಸಬಾರದು. ಪಾತ್ರೆಯ ಮೇಲೆ, ನಡುವೆ, ತಳದಲ್ಲಿ ಒಂದೊಂದು ಲೋಟ ತೆಗೆಯಬೇಕು. ಬಿಲ್ಲಿನಲ್ಲಿ ಬರೆದ ಸಂಖ್ಯೆಯನ್ನು ನಕಲು ಮಾಡುವುದು ಎಣಿಕೆಯಲ್ಲ. 1957ರ ಜುಲೈ 10ರಂದು ಒಡಿಶಾದ ಅಂಗುಲ್‌ನಲ್ಲಿ ಹೀರಾಲಾಲ್ ಚೌಧರಿಯವರು ಚುಚ್ಚುಮದ್ದಿನಿಂದ ಗೆಂಡೆ ಮೀನನ್ನು ಮರಿ ಮಾಡಿಸಿದ ಮೇಲೆಯೇ ಹೊಳೆಯಲ್ಲಿ ಮರಿ ಹುಡುಕುವ ಪಾಡು ತಪ್ಪಿತು. ಮರಿ ಸುಲಭವಾದಷ್ಟೂ ಅದರ ಲೆಕ್ಕ ಸಡಿಲವಾಗಿದೆ ಎಂಬುದು ನನ್ನ ಅನಿಸಿಕೆ.

ಕೆರೆ ಒಣಗದ ಕಾಲದಲ್ಲಿ

ನಮ್ಮ ಸೀಮೆಗೆ ವರ್ಷವಿಡೀ ಹರಿಯುವ ಹೊಳೆಯಿಲ್ಲ. ಹಿಂದಿನವರು ಕೆರೆ ಕಟ್ಟಿದರು. ಆಗಸ್ಟಿನಿಂದ ಅಕ್ಟೋಬರಿನವರೆಗೆ ಮಳೆ ಬಿದ್ದರೆ ಕೆರೆ ತುಂಬುತ್ತಿತ್ತು, ಬೇಸಿಗೆಯಲ್ಲಿ ಬತ್ತುತ್ತಿತ್ತು. ಬತ್ತುವುದರಲ್ಲಿ ಒಂದು ಅನುಕೂಲವೂ ಇತ್ತು: ಕೊನೆಯ ಗುಂಡಿಯವರೆಗೂ ಮೀನು ಹಿಡಿದಾಗ ವರ್ಷದ ಲೆಕ್ಕವನ್ನು ಕೆರೆಯೇ ಮುಗಿಸಿಕೊಡುತ್ತಿತ್ತು. ಎಷ್ಟು ಬಿಟ್ಟೆವು, ಎಷ್ಟು ಸಿಕ್ಕಿತು ಎಂಬುದು ಅಲ್ಲಿಗೆ ತೀರ್ಮಾನ. ಕೊರಮೀನು, ಜಿಲೇಬಿಗಳ ಸಂಸಾರವೂ ಬಹುಮಟ್ಟಿಗೆ ಅಲ್ಲಿಗೆ ಮುಗಿಯುತ್ತಿತ್ತು.

2018ರ ಜೂನ್ ತಿಂಗಳಲ್ಲಿ ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ನೀರು ಕೋಲಾರ ತಾಲ್ಲೂಕಿನ ಲಕ್ಷ್ಮೀಸಾಗರ ಕೆರೆಗೆ ಬಂದು ಬಿದ್ದಿತು. ದಿನಕ್ಕೆ 44 ಕೋಟಿ ಲೀಟರು ನೀರೆತ್ತಿ 126 ಕೆರೆ ತುಂಬಿಸುವುದು ಯೋಜನೆಯ ಮೊದಲ ಹಂತದ ಗುರಿ. ಮೇಲಿನ ಕೆರೆ ತುಂಬಿ ಕೆಳಗಿನದಕ್ಕೆ ಹರಿಯುವ ಹಳೆಯ ಸರಪಣಿಯಲ್ಲಿಯೇ ಈ ನೀರು ಮುಂದೆ ಸಾಗಿತು. 2021ರ ನವೆಂಬರಿನ ಮಳೆಗೆ ಜಿಲ್ಲೆಯ ಎಷ್ಟೋ ಕೆರೆಗಳು ಕೋಡಿ ಹರಿದವು. ಹೀಗೆ, ಆರು ತಿಂಗಳ ಕೆರೆಗಳು ಕೆಲವು ಹನ್ನೆರಡು ತಿಂಗಳ ಕೆರೆಗಳಾದವು. ಕೊಳವೆಬಾವಿಯ ದೃಷ್ಟಿಯಿಂದ ಇದು ಸಂತೋಷದ ಮಾತು. ಮೀನಿನ ಲೆಕ್ಕದ ದೃಷ್ಟಿಯಿಂದ ಹೊಸ ತೊಡಕು: ಕೆರೆ ಬತ್ತದಿದ್ದರೆ ಅದರೊಳಗೆ ಎಷ್ಟು ಮೀನಿದೆ ಎಂದು ತಿಳಿಯುವುದು ಹೇಗೆ?

ಇದಕ್ಕೆ ನೂರು ವರ್ಷಕ್ಕೂ ಹಳೆಯದಾದ ಒಂದು ಉಪಾಯವಿದೆ. ಡೆನ್ಮಾರ್ಕಿನ ಪೀಟರ್ಸನ್ ಎಂಬ ವಿಜ್ಞಾನಿಯ ಹೆಸರಿನಲ್ಲಿ ಅದು ಪ್ರಸಿದ್ಧ. ಒಂದು ದಿನ ಬಲೆಯಲ್ಲಿ ಬಂದ 200 ಕಾಟ್ಲಾಗಳ ಹೊಟ್ಟೆಯ ಕೆಳಗಿನ ಒಂದು ರೆಕ್ಕೆಯ ತುದಿಯನ್ನು ಕತ್ತರಿಯಿಂದ ಸ್ವಲ್ಪ ತೆಗೆದು, ಮೀನಿಗೆ ಪೆಟ್ಟಾಗದಂತೆ ಮತ್ತೆ ನೀರಿಗೆ ಬಿಡಿ. ಎರಡು ವಾರ ಬಿಟ್ಟು ಮತ್ತೆ ಬಲೆ ಹಾಕಿ. ಈ ಸಲ 300 ಕಾಟ್ಲಾ ಸಿಕ್ಕಿದವು, ಅವುಗಳಲ್ಲಿ ಗುರುತಿನವು 15 ಎನ್ನೋಣ. ಸಿಕ್ಕಿದವುಗಳಲ್ಲಿ ಇಪ್ಪತ್ತಕ್ಕೆ ಒಂದು ಗುರುತಿನ ಮೀನು. ಹಾಗಾದರೆ ಇಡೀ ಕೆರೆಯಲ್ಲಿಯೂ ಇಪ್ಪತ್ತಕ್ಕೆ ಒಂದರಂತೆ ಇರಬೇಕು. ಗುರುತು ಮಾಡಿದ್ದು 200. ಆದ್ದರಿಂದ ಕೆರೆಯಲ್ಲಿರುವುದು ಸುಮಾರು 4,000. ಕೆರೆಗೆ ಇಳಿಯದೆ ಕೆರೆಯ ಮೀನನ್ನು ಎಣಿಸಿದಂತಾಯಿತು. ಆದರೆ ಒಂದು ಎಚ್ಚರಿಕೆ. ಎರಡನೆಯ ಬಲೆಯನ್ನು ಮೀನು ಬಿಟ್ಟ ಜಾಗದಲ್ಲಿಯೇ ಹಾಕಿದರೆ ಗುರುತಿನವೇ ಹೆಚ್ಚಾಗಿ ಬಿದ್ದು ಲೆಕ್ಕ ಕಡಿಮೆ ತೋರುತ್ತದೆ. ಏರಿಯ ಕಡೆ, ಅಂಗಳದ ಕಡೆ, ತೂಬಿನ ಬಳಿ, ಹೀಗೆ ನಾಲ್ಕಾರು ಕಡೆ ಹಾಕಬೇಕು. ನಡುವೆ ಕೋಡಿ ಹರಿದರೆ ಆ ಸಲದ ಲೆಕ್ಕ ಬಿಡಿ.

ಬಲೆ ತುಂಬಿದರೆ ಕೆರೆ ತುಂಬಿದಂತಲ್ಲ

ಏಪ್ರಿಲ್ ತಿಂಗಳಲ್ಲಿ ನೀರು ತೂಬಿನ ಬಳಿಗೆ ಇಳಿದಾಗ ಬೀಸುಬಲೆ ಎಸೆದರೆ ಸಾಕು, ತುಂಬಿ ಬರುತ್ತದೆ. "ಈ ವರ್ಷ ಮೀನು ವಿಪರೀತ" ಎಂದು ಊರೆಲ್ಲ ಸುದ್ದಿ. ಮೀನು ಹೆಚ್ಚಾಗಿಲ್ಲ, ಇದ್ದ ಮೀನು ಒಂದೆಡೆ ಕೂಡಿದೆ. ಇದೇ ಬಗೆಯ ಭ್ರಮೆ ಒಂದು ದೊಡ್ಡ ಸಮುದ್ರವನ್ನೇ ಬರಿದು ಮಾಡಿದ್ದುಂಟು. ಕೆನಡಾ ದೇಶದ ನ್ಯೂಫೌಂಡ್‌ಲೆಂಡ್ ತೀರದಲ್ಲಿ ಕಾಡ್ ಎಂಬ ಮೀನು ಶತಮಾನಗಳಿಂದ ಜನರನ್ನು ಸಾಕಿತ್ತು. ದಡದ ಬಳಿಯ ಸಣ್ಣ ದೋಣಿಯವರು ಮೀನು ಕಡಿಮೆಯಾಗುತ್ತಿದೆ, ಸಣ್ಣದಾಗುತ್ತಿದೆ ಎಂದು ಕೂಗಿ ಹೇಳಿದರು. ದೊಡ್ಡ ಹಡಗುಗಳ ಬಲೆ ಮಾತ್ರ ತುಂಬುತ್ತಲೇ ಇತ್ತು, ಏಕೆಂದರೆ ಅಳಿದುಳಿದ ಮೀನು ಗುಂಪುಗೂಡಿದ ಜಾಗಕ್ಕೇ ಅವು ಹೋಗುತ್ತಿದ್ದವು. ಹಡಗಿನ ಅಂಕಿಯನ್ನು ಹೆಚ್ಚಾಗಿ ನಂಬಿ ಹಿಡಿಯಲು ಅನುಮತಿ ಕೊಡುತ್ತ ಹೋದರು. 1992ರ ಜುಲೈನಲ್ಲಿ ಕಾಡ್ ಹಿಡಿಯುವುದನ್ನೇ ನಿಲ್ಲಿಸಬೇಕಾಗಿ ಬಂದು ಸುಮಾರು ಮೂವತ್ತು ಸಾವಿರ ಜನರ ಕೆಲಸ ಹೋಯಿತು.

ಆದ್ದರಿಂದ ಪ್ರತಿ ಸಲವೂ ನೀರಿನ ಮಟ್ಟವನ್ನು ಮೀನಿನ ಜೊತೆಯಲ್ಲಿಯೇ ಬರೆಯಬೇಕು. ತೂಬಿನ ಕಲ್ಲಿನ ಮೇಲೆ ಅಡಿಗೊಂದರಂತೆ ಬಣ್ಣದ ಗೆರೆ ಎಳೆದರೆ ನೀರಗಂಟಿಯೇ ಓದಿ ಹೇಳುತ್ತಾನೆ. ಎಷ್ಟು ಬಲೆ, ಯಾವ ಬಲೆ, ಎಷ್ಟು ಹೊತ್ತು ಹಾಕಿದಿರಿ ಎಂಬುದೂ ಬೇಕು. ಬಲೆ ಹಾಕಿ ಏನೂ ಸಿಗದಿದ್ದರೆ ಆ ದಿನಕ್ಕೆ ಸೊನ್ನೆ ಬರೆಯಿರಿ. ನಮ್ಮವರು ಸೊನ್ನೆ ಬರೆಯಲು ನಾಚುತ್ತಾರೆ. ಸಿಕ್ಕಿದ ದಿನವನ್ನಷ್ಟೇ ಬರೆದ ಪುಸ್ತಕ ಕೆರೆಯನ್ನು ಯಾವಾಗಲೂ ಶ್ರೀಮಂತವಾಗಿಯೇ ತೋರಿಸುತ್ತದೆ.

ದಿನವೂ ಬರೆಯಲು ಆಗುವುದಿಲ್ಲ ಎಂಬ ಬೆಸ್ತರ ಸಂಘದವರಿಗೆ ಕರಾವಳಿಯ ಮಾದರಿ ಇದೆ. ಕೇಂದ್ರ ಕಡಲ ಮೀನುಗಾರಿಕೆ ಸಂಶೋಧನಾ ಸಂಸ್ಥೆಯವರು ಎಲ್ಲ ದೋಣಿಗಳನ್ನೂ ಎಣಿಸುವುದಿಲ್ಲ. ಕೆಲವು ಬಂದರು, ಕೆಲವು ದಿನ, ಕೆಲವು ದೋಣಿಗಳನ್ನು ಪಕ್ಷಪಾತವಿಲ್ಲದಂತೆ ಆರಿಸಿ ಅಳೆದು, ಅದರಿಂದ ಒಟ್ಟು ಲೆಕ್ಕ ಕಟ್ಟುತ್ತಾರೆ. ನೀವೂ ತಿಂಗಳ ತಾರೀಖುಗಳನ್ನು ಚೀಟಿ ಬರೆದು, ಆರು ಚೀಟಿ ಎತ್ತಿ, ಆ ಆರು ದಿನ ಪೂರ್ತಿ ಬರೆಯಿರಿ. ಸಂತೆಯ ದಿನ ನೋಡಿ ಆರಿಸಬಾರದು.

"ಬರೆದರೆ ಗುತ್ತಿಗೆ ಏರಿಸುವುದಿಲ್ಲವೇ?"

ಈ ಮಾತನ್ನು ಹೋದಲ್ಲೆಲ್ಲ ಕೇಳುತ್ತೇನೆ. ಮುಳಬಾಗಿಲಿನ ಕಡೆಯ ಒಂದು ಊರಿನಲ್ಲಿ ಹಿರಿಯರೊಬ್ಬರು, "ಸ್ವಾಮಿ, ನೂರು ಕಿಲೋ ಸಿಕ್ಕಿತೆಂದು ಬರೆದುಕೊಟ್ಟರೆ ಮುಂದಿನ ಹರಾಜಿನಲ್ಲಿ ಇನ್ನೂರರ ರೇಟು ಕೂಗುತ್ತಾರೆ" ಎಂದರು. ಅವರ ಭಯ ಸುಳ್ಳಲ್ಲ. ಕೆಲವು ಕೆರೆಗಳ ಮೀನಿನ ಗುತ್ತಿಗೆ ಇಲಾಖೆಯದು, ಕೆಲವುದರದ್ದು ಗ್ರಾಮ ಪಂಚಾಯಿತಿಯದು. ಯಾರದ್ದಾದರೂ ಒಳ್ಳೆಯ ವರ್ಷದ ಅಂಕಿ ಕಂಡರೆ ಮೊತ್ತ ಏರಿಸುವ ಆಸೆ ಬರಬಹುದು. ಆದರೆ ಬರೆಯದಿದ್ದರೆ ಮೊತ್ತ ಏರುವುದಿಲ್ಲವೇ? ಏರುತ್ತದೆ. ಆಗ ಕೆರೆಯ ಎಕರೆಯೊಂದನ್ನೇ ಹಿಡಿದು ಏರಿಸುತ್ತಾರೆ. ಅರ್ಧ ಅಂಗಳ ಜಾಲಿಮರ ತುಂಬಿ ಬಲೆ ಎಳೆಯಲಾಗದಿದ್ದರೂ ಕಾಗದದಲ್ಲಿ ಕೆರೆ ಪೂರ್ತಿ ಕೆರೆಯೇ. ಮಳೆ ಕೈಕೊಟ್ಟ ವರ್ಷ ಗುತ್ತಿಗೆ ಹಣದಲ್ಲಿ ರಿಯಾಯಿತಿ ಕೇಳಲು ಹೋದಾಗ "ಹೋದ ವರ್ಷ ಎಷ್ಟಿತ್ತು?" ಎಂದರೆ ಕೈಯಲ್ಲಿ ಏನಿರುತ್ತದೆ? ಐದು ವರ್ಷದ ಪುಸ್ತಕವಿದ್ದರೆ ಒಳ್ಳೆಯ ವರ್ಷ ಒಂದು, ಕೆಟ್ಟ ವರ್ಷ ಎರಡು ಎಂದು ತೋರಿಸಿ ಮಾತನಾಡಬಹುದು. ಅಧಿಕಾರಿಗಳಿಗೂ ಒಂದು ಮಾತು: ಸತ್ಯ ಬರೆದವನಿಗೆ ಮರುವರ್ಷವೇ ದಂಡದಂತೆ ಮೊತ್ತ ಏರಿಸಿದರೆ, ಮೂರನೆಯ ವರ್ಷ ಸತ್ಯ ಬರೆಯುವವರು ಸಿಗುವುದಿಲ್ಲ.

ಮೀನು ಸತ್ತ ದಿನ

ನಮ್ಮ ಕೆರೆಗಳಿಗೆ ಬರುವ ಬೆಂಗಳೂರಿನ ನೀರು ಎರಡನೆಯ ಹಂತದವರೆಗೆ ಶುದ್ಧೀಕರಿಸಿದ ನೀರು. ನೊರೆ ಕಂಡ ಮೇಲೆ 2018ರ ಜುಲೈನಲ್ಲಿ ಉಚ್ಚ ನ್ಯಾಯಾಲಯವೂ, 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಅದನ್ನು ಕೆಲಕಾಲ ತಡೆದಿದ್ದವು. ಮುಂದೆ ನೀರು ಮತ್ತೆ ಹರಿಯಿತು. ಆ ವಾದದ ಸರಿತಪ್ಪು ಈ ಲೇಖನದ ವಿಷಯವಲ್ಲ. ಆದರೆ ಅಂಥ ವಾದ ಎದ್ದಾಗ ಊರಿನವರ ಕೈಯಲ್ಲಿ ಏನಿರಬೇಕು ಎಂಬುದು ವಿಷಯವೇ. ಮೀನು ತೇಲಿದ ದಿನ ಹತ್ತು ಜನ ಫೋಟೋ ಹಿಡಿಯುತ್ತಾರೆ. ಗಂಟೆ ಬರೆಯುವವರು ಒಬ್ಬರೂ ಇಲ್ಲ.

ಗಂಟೆಗೆ ಏಕೆ ಬೆಲೆ ಎಂದರೆ, ಹಸಿರುಗಟ್ಟಿದ ನೀರಿನಲ್ಲಿ ಪಾಚಿಯೂ ರಾತ್ರಿಯಿಡೀ ಆಮ್ಲಜನಕವನ್ನು ಬಳಸುತ್ತದೆ. ಬೆಳಗಿನ ಜಾವಕ್ಕೆ ಅದು ತೀರ ಕಡಿಮೆಯಾಗಿ ಮೀನು ಬಾಯಿ ಮೇಲೆತ್ತುತ್ತವೆ. ಮೋಡ ಕವಿದ ದಿನಗಳ ಮಾರನೆಯ ಬೆಳಿಗ್ಗೆ ಇದು ಇನ್ನೂ ಹೆಚ್ಚು. ದೊಡ್ಡ ಮೀನು ಮುಂಜಾನೆ ಸತ್ತಿದ್ದರೆ ಮೊದಲು ಆಮ್ಲಜನಕದ ಕೊರತೆಯನ್ನು ನೆನೆಯಬೇಕು. ನಡುಹಗಲಿನಲ್ಲಿ ಸಣ್ಣದು ದೊಡ್ಡದು ಎನ್ನದೆ ಎಲ್ಲವೂ ಒಟ್ಟಿಗೆ ಸತ್ತರೆ ವಿಷದ ಅನುಮಾನಕ್ಕೆ ಎಡೆಯುಂಟು. ತಾರೀಖು, ಗಂಟೆ, ಜಾತಿ, ಎಣಿಕೆ, ನೀರಿನ ಬಣ್ಣ ಮತ್ತು ವಾಸನೆ, ಹಿಂದಿನ ದಿನದ ಮೋಡ, ಹೊಸ ನೀರು ಬಂತೇ ಇಲ್ಲವೇ, ಇಷ್ಟನ್ನು ಅಂದೇ ಬರೆದು ಇಬ್ಬರು ಸಹಿ ಮಾಡಿರಿ. ಒಂದು ಶುಭ್ರ ಬಾಟಲಿಯಲ್ಲಿ ನೀರು ಹಿಡಿದು, ಮಂಜುಗಡ್ಡೆಯಲ್ಲಿಟ್ಟು, ತಡಮಾಡದೆ ತಾಲ್ಲೂಕಿನ ಮೀನುಗಾರಿಕೆ ಕಚೇರಿಗೆ ಮುಟ್ಟಿಸಿರಿ. ಸತ್ತ ಮೀನನ್ನು ಮಾರಲೂ ಬೇಡಿ, ತಿನ್ನಲೂ ಬೇಡಿ.

ಪುಸ್ತಕಕ್ಕೆ ಹೆಚ್ಚಿನ ಖರ್ಚಿಲ್ಲ. ಇನ್ನೂರು ಪುಟದ ಗೆರೆ ಹಾಕಿದ ನೋಟುಬುಕ್ಕು ಸಾಕು. ಎಡಪುಟದಲ್ಲಿ ಬಿಟ್ಟ ಮರಿ ಮತ್ತು ನೀರಿನ ಮಟ್ಟ, ಬಲಪುಟದಲ್ಲಿ ಹಿಡಿದ ಮೀನು. ಗಾಳ ಹಾಕಿ ಹಿಡಿದದ್ದು, ಮನೆಗೆ ಒಯ್ದದ್ದು, ರಾತ್ರಿ ಕಳವಾದದ್ದು ಇವಕ್ಕೆ ಕೊನೆಯಲ್ಲಿ ಒಂದು ಅಂಕಣ; ಅಲ್ಲಿ ಅಂದಾಜು ಬರೆಯಬಹುದು, ಆದರೆ "ಅಂದಾಜು" ಎಂದೇ ಬರೆಯಬೇಕು. ಸೀಸದ ಕಡ್ಡಿ ಬೇಡ, ಶಾಯಿಯಲ್ಲಿ ಬರೆಯಿರಿ. ತಪ್ಪಾದರೆ ಒಂದು ಗೆರೆ ಎಳೆದು ಪಕ್ಕದಲ್ಲಿ ಸರಿ ಅಂಕಿ ಹಾಕಿ, ಹಳೆಯದು ಓದುವಂತಿರಲಿ. ಪುಸ್ತಕ ಸಂಘದಲ್ಲಿರಲಿ, ತಿಂಗಳ ಕೊನೆಯ ಪುಟದ ನಕಲು ಪಂಚಾಯಿತಿಯಲ್ಲಿರಲಿ. ಮಳೆಗಾಲದ ಮರಿ ಬರುವ ಮುನ್ನವೇ ತೂಬಿನ ಕಲ್ಲಿಗೆ ಗೆರೆ ಬಿದ್ದಿದ್ದರೆ ಮೊದಲ ಸಾಲನ್ನು ಆ ದಿನದ ನೀರಿನ ಮಟ್ಟದಿಂದಲೇ ತೊಡಗಬಹುದು.