ಲಿನಕ್ಸಿನಲ್ಲೂ ಕರಾವಳಿಯ ಮಾತು

ಭಟ್ಕಳದಲ್ಲಿ ನವಾಯತಿ ಮಾತಿಗೆ ಉರ್ದು ಲಿಪಿ, ಕುಮಟಾ-ಹೊನ್ನಾವರದ ಕೊಂಕಣಿಗೆ ಹೆಚ್ಚಾಗಿ ಕನ್ನಡ ಲಿಪಿ. ಒಂದೇ ಮನೆಯ ಕಂಪ್ಯೂಟರಿಗೆ ಇವೆರಡೂ ಬೇಕಾಗಬಹುದು. ಹಳೇ ಯಂತ್ರಕ್ಕೆ ಉಬುಂಟು ಲಿನಕ್ಸ್ ಹಾಕಿಸಿಕೊಂಡವರು ‘ಇದರಲ್ಲಿ ನುಡಿ ತಂತ್ರಾಂಶ ಇಲ್ಲವಲ್ಲ’ ಎಂದು ಮತ್ತೆ ವಿಂಡೋಸ್‌ಗೆ ಮರಳುವುದುಂಟು. ಅಷ್ಟು ಅವಸರ ಬೇಡ.

ಟರ್ಮಿನಲ್‌ನಲ್ಲಿ ‘ಐಬಸ್-ಎಂ17ಎನ್’ ಪ್ಯಾಕೇಜನ್ನು ಹಾಕಿಕೊಂಡು, ಒಮ್ಮೆ ಲಾಗ್ಔಟ್ ಆಗಿ ಒಳಬರಬೇಕು. ಈ ಲಾಗ್ಔಟ್ ಮರೆತವರೇ ‘ಪಟ್ಟಿಯಲ್ಲಿ ಕನ್ನಡ ಕಾಣುತ್ತಿಲ್ಲ’ ಎನ್ನುವುದು! ಆಮೇಲೆ ಸೆಟ್ಟಿಂಗ್ಸ್‌ನ ಕೀಬೋರ್ಡ್ ವಿಭಾಗದಲ್ಲಿ ಕನ್ನಡದ ಕೆಜಿಪಿ ವಿನ್ಯಾಸವನ್ನು ಸೇರಿಸಿದರಾಯಿತು. ಕೆ.ಪಿ. ರಾವ್ ರೂಪಿಸಿದ, ನುಡಿಯಲ್ಲಿ ಬಳಕೆಯಾದ ಜೋಡಣೆಯೇ ಇದು. ಬೆರಳುಗಳಿಗೆ ಹೊಸ ಪಾಠ ಬೇಕಿಲ್ಲ. ‘ಭಟ್ಕಳ’ಕ್ಕೆ ಶಿಫ್ಟ್ ಒತ್ತಿ ಬಿ, ನಂತರ ಕ್ಯೂ, ಎಫ್, ಕೆ, ಮತ್ತೆ ಶಿಫ್ಟ್ ಒತ್ತಿ ಎಲ್. ನಡುವಿನ ಎಫ್ ಒತ್ತಕ್ಷರ ಕೂಡಿಸುವ ಕೀಲಿ.

ಉರ್ದುವನ್ನೂ ಅದೇ ಪಟ್ಟಿಗೆ ಸೇರಿಸಬಹುದು. ವಿಂಡೋಸ್ ಕೀಲಿಯ ಜೊತೆ ಸ್ಪೇಸ್ ಒತ್ತಿದರೆ ಭಾಷೆ ಬದಲಾಗುತ್ತದೆ. ನಸ್ತಾಲಿಕ್ ಚೆಲುವು ಬೇಕಿದ್ದರೆ ನೋಟೋ ನಸ್ತಾಲಿಕ್ ಉರ್ದು ಫಾಂಟ್ ಉಚಿತ. ಮನೆಯ ಹುಡುಗಿ ಕೊರಿಯನ್ ಧಾರಾವಾಹಿಗಳ ಹುಚ್ಚಿನಲ್ಲಿ ಆ ಭಾಷೆ ಕಲಿಯುತ್ತಿದ್ದರೆ ‘ಐಬಸ್-ಹಂಗುಲ್’ ಸೇರಿಸಿಕೊಡಿ.

ಒಂದು ಎಚ್ಚರಿಕೆ: ನುಡಿಯ ಹಳೇ ಆಸ್ಕಿ ಫಾಂಟುಗಳಲ್ಲಿ ಬರೆದ ಕಡತಗಳು ಇಲ್ಲಿ ಬರೀ ಇಂಗ್ಲಿಷ್ ಅಕ್ಷರಗಳ ಚೆಲ್ಲಾಪಿಲ್ಲಿಯಾಗಿ ಕಾಣಬಹುದು. ಯೂನಿಕೋಡ್‌ಗೆ ಪರಿವರ್ತಿಸಿಕೊಂಡು, ಒತ್ತಕ್ಷರಗಳನ್ನು ಕಣ್ಣಾರೆ ನೋಡಿಯೇ ಮೂಲ ಪ್ರತಿ ಅಳಿಸಿ.